ಸೋಸದೆ ಕುಡಿದ ನೀರು

ಒದ್ದೆ ಮಲ್ಮಲ್ ಬಟ್ಟೆಗೆ ತನ್ನದೇ ಒಂದು ವಾಸನೆ ಇರುತ್ತದೆ. ಹೊಸ ಬಟ್ಟೆಯ ಗಂಜಿಯದಲ್ಲ, ಸಾಬೂನಿನದೂ ಅಲ್ಲ. ನೆರಳಲ್ಲಿ ಒಣಗಿ, ಮತ್ತೆ ತೊಯ್ದು, ಮತ್ತೆ ಒಣಗಿದ ನೂಲಿನದು. ಕಳೆದ ವಾರ ಊರಿಗೆ ಹೋಗಿದ್ದಾಗ ನದಿ ಕಡೆಯ ಅಂಬಿಗರ ಓಣಿಯಲ್ಲಿ ಒಬ್ಬ ಮುದುಕಿ ಚರಿಗೆಯ ಬಾಯಿಗೆ ಬಟ್ಟೆ ಹಿಡಿದು ಗಡಿಗೆಯಿಂದ ನನಗೆ ನೀರು ಸುರಿದಳು. ಆ ವಾಸನೆ ಮೂಗಿಗೆ ಬಂದದ್ದೇ ನಾನು ನಿಂತಲ್ಲೇ ನಿಂತೆ. ದೆವ್ವ ಪಿಶಾಚಿಗಳನ್ನು ನಂಬುವವನಲ್ಲ ನಾನು. ನಂಬುವವರ ಜೊತೆ ಜಗಳವಾಡಿ ಊಟ ಬಿಟ್ಟದ್ದೂ ಉಂಟು. ಆದರೂ ಬೂಟು ಹಾಕಿಕೊಂಡ ಯಾರೋ ಬೆನ್ನ ಹಿಂದೆ ಎಡಗಾಲನ್ನು ಬಲು ಎಚ್ಚರದಿಂದ ನೆಲಕ್ಕಿಟ್ಟ ಹಾಗೆ ಕೇಳಿಸಿತು. ತಿರುಗಿ ನೋಡಿದೆ. ಯಾರೂ ಇರಲಿಲ್ಲ. ತಿರುಗಿ ನೋಡಿದ್ದಂತೂ ನಿಜ...

ಆ ಸದ್ದು ನೆನಪಿಗೆ ತಂದವರು ಸೇಡಂ ದವಾಖಾನೆಯ ಡಾಕ್ಟರ್ ಸಾಹೇಬರು. ಹೈದರಾಬಾದಿನ ಕಡೆಯವರು. ತೆಳ್ಳಗೆ, ಉದ್ದಕ್ಕೆ, ಸೈಕಲ್ ಮೇಲೆ ಕೂತರೆ ಮೊಣಕಾಲು ಹ್ಯಾಂಡಲಿಗೆ ತಾಕುತ್ತಿತ್ತು. ಶೇರವಾನಿ ಅಧಿಕಾರಿಗಳ ಮುಂದೆ ಮಾತ್ರ. ಉಳಿದ ದಿನ ಬಿಳಿ ಪೈಜಾಮ, ಹಳೆಯ ಚಪ್ಪಲಿ, ಜೇಬಿನಲ್ಲಿ ಒಂದು ಭೂತಗನ್ನಡಿ. ನಮ್ಮೂರು ಅದೇ ತಾಲ್ಲೂಕಿನ, ಕಾಗಿಣಾ ದಂಡೆಯ ಊರು. ಮೇಲೆ ಆಚಾರ್ಯರ ಓಣಿ, ಅದು ನಮ್ಮದು. ಕೆಳಗೆ ಅಂಬಿಗರ ಓಣಿ. ಎರಡರ ನಡುವೆ ಒಂದು ಪಾವಟಿಗೆ ಬಾವಿ. ಕಲ್ಲಿನ ಮೆಟ್ಟಿಲಿಳಿದು, ಪಾದ ತೊಯಿಸಿಕೊಂಡು, ಕೊಡ ಮುಳುಗಿಸಿ ನೀರು ತರುವ ಬಾವಿ.

ಆ ಕಾಲದಲ್ಲಿ ನಮ್ಮ ಕಡೆ ಬೇಸಿಗೆ ಬಂತೆಂದರೆ ನಾರುಹುಣ್ಣು ಬಂತೆಂದೇ ಲೆಕ್ಕ. ಕಾಲಿನ ಮೇಲೆ ಒಂದು ಬೊಬ್ಬೆ ಏಳುತ್ತದೆ, ಕೆಂಡ ಬಿದ್ದ ಹಾಗೆ ಉರಿಯುತ್ತದೆ. ಉರಿ ತಾಳದೆ ಕಾಲನ್ನು ನೀರಿಗಿಟ್ಟರೆ ಬೊಬ್ಬೆ ಒಡೆದು, ಒಳಗಿನಿಂದ ಬಿಳಿ ದಾರದಂಥ ಹುಳ ತಲೆ ಹಾಕುತ್ತದೆ. ಅದನ್ನು ಜಗ್ಗಬಾರದು. ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಎಂದು ಬಿಡಿಸಿಕೊಳ್ಳಬೇಕು, ಅಲ್ಲಿಯವರೆಗೆ ಕಾಲು ಚಾಚಿ ಕೂತಿರಬೇಕು. ಅವಸರ ಮಾಡಿ ಹರಿದರೆ ತುಂಡು ಒಳಗೇ ಕೊಳೆತು ಕಾಲು ಹೋಗುತ್ತದೆ. ಕೆಲವರು ತಾವೇ ಹೋಗುತ್ತಾರೆ. ಇವತ್ತು ಕುಡಿದ ನೀರಿನ ಹುಳ ಹೊರಗೆ ಬರಲು ಒಂದು ವರ್ಷ ಬೇಕು. ಹೋದ ಬೇಸಿಗೆಯ ನೀರು ಈ ಬೇಸಿಗೆಯ ಹುಣ್ಣು. ಇದನ್ನು ನನಗೆ ಹೇಳಿಕೊಟ್ಟವರು ಡಾಕ್ಟರ್ ಸಾಹೇಬರೇ.

ಅವರು ನಮ್ಮೂರಿಗೆ ಬಂದದ್ದು ತಹಸೀಲ್ದಾರರ ಅವಸರದಿಂದ. ನಾರು ಹೆಚ್ಚಿರುವ ಬಾವಿಗಳನ್ನು ಮಣ್ಣು ಹಾಕಿ ಮುಚ್ಚಬೇಕೆಂದು ಮೇಲಿನಿಂದ ಹುಕುಂ ಬಂದಿತ್ತು. ನಮ್ಮ ಬಾವಿ ಮುಚ್ಚಿದರೆ ಬೇಸಿಗೆಯಲ್ಲಿ ಕುಡಿಯುವ ನೀರಿಗೆ ದೂರದ ಆಡಕಿ ದಾರಿಯ ಹಳ್ಳವೇ ಗತಿ. ನಮ್ಮ ಓಣಿಯಲ್ಲಿ ಗಾಡಿ ಇದ್ದವು, ಆಳುಗಳಿದ್ದರು. ಅಂಬಿಗರ ಹೆಂಗಸರಿಗೆ ಇದ್ದದ್ದು ತಲೆ ಒಂದೇ. ಬಾವಿ ಹೋದರೆ ಓಣಿಯೇ ಏಳಬೇಕಾಗಿತ್ತು.

ನಾನಾಗ ಹೈದರಾಬಾದಿನ ಕಾಲೇಜಿನಿಂದ ರಜೆಗೆ ಬಂದಿದ್ದೆ. ಉರ್ದುವಿನಲ್ಲಿ ಚರ್ಚಾಸ್ಪರ್ಧೆ ಗೆದ್ದು ಬಂದ ಹುಮ್ಮಸ್ಸು. ಎದುರು ಸಿಕ್ಕವರನ್ನು ಸುಮ್ಮನೆ ಬಿಡುತ್ತಿರಲಿಲ್ಲ. ಡಾಕ್ಟರ್ ಸಾಹೇಬರು ನಮ್ಮ ಕಟ್ಟೆಯ ಮುಂದೆ ಸೈಕಲ್ ನಿಲ್ಲಿಸಿ ಹಿರಿಯರನ್ನು ಯಾವ ನೀರು ಕುಡಿಯುತ್ತೀರೆಂದು ಕೇಳಿದಾಗ, ಎಲ್ಲರೂ ಒಂದೇ ಬಾಯಲ್ಲಿ, "ನದೀ ನೀರು" ಎಂದರು. ನಮ್ಮ ಓಣಿಯಲ್ಲಿ ನಾರು ಇದ್ದವರೇ ಇರಲಿಲ್ಲ. ನಾನು ನಡುವೆ ಬಾಯಿ ಹಾಕಿ, ಒಳ್ಳೆಯ ಉರ್ದುವಿನಲ್ಲಿ, ಕೆಳಗಿನ ಓಣಿಯಲ್ಲಿ ನಾರು ಬಂದವರೆಲ್ಲ ಆ ಬಾವಿಯ ನೀರು ಕುಡಿದವರೇ, ಇದಕ್ಕಿಂತ ಸಾಕ್ಷಿ ಏನು ಬೇಕು ಎಂದು ಕೇಳಿದೆ.

ಅವರು ಕನ್ನಡದಲ್ಲೇ ಉತ್ತರ ಕೊಟ್ಟರು. "ನಾರು ಬಂದವ್ರೆಲ್ಲಾ ಜ್ವಾಳದ ರೊಟ್ಟಿನೂ ತಿಂದಾರಲ್ರಿ ವಕೀಲಸಾಬ್. ಜ್ವಾಳ ಬಂದ್ ಮಾಡ್ಸೂಣೇನು?"

ಕಟ್ಟೆ ಮೇಲಿನವರು ಘೊಳ್ಳೆಂದು ನಕ್ಕರು. ನನ್ನ ಕಿವಿ ಬಿಸಿಯಾದವು. ರೊಟ್ಟಿ ಎಲ್ಲರೂ ತಿನ್ನುತ್ತಾರೆ, ಅದು ಬೇರೆ ಮಾತು ಎಂದೆ.

"ಬರೋಬ್ಬರಿ. ನಾರು ಬರದವ್ರೂ ತಿಂತಾರ, ಅದಕ್ಕ ಜ್ವಾಳ ಬಚಾವ್. ಹಂಗಾದ್ರ ಬಾವಿ ಬಗ್ಗೀನೂ ನಾರು ಬರದವ್ರನ್ನ ಕೇಳಬೇಕೋ ಬ್ಯಾಡೋ? ಬಿದ್ದವ್ರನ್ನಷ್ಟೇ ಕೇಳಿ ಬಂದ್ರ ಅದು ಅರ್ಧಾ ಖಟ್ಲೆ."

ಚರ್ಚೆಯಲ್ಲಿ ನನ್ನನ್ನು ಅಷ್ಟು ಬೇಗ ಯಾರೂ ಮಲಗಿಸಿರಲಿಲ್ಲ. ಸಿಟ್ಟು ಬಂತು, ಬೆನ್ನು ಹತ್ತಿದೆ. ಅವರಿಗೂ ನಾನು ಬೇಕಾಗಿದ್ದೆ. ನಮ್ಮ ಓಣಿಯ ನಡುಮನೆಗಳೊಳಗೆ ಅವರಿಗೆ ಪ್ರವೇಶವಿರಲಿಲ್ಲ. "ನಿಮ್ಮ ಬಾಯಿ ನನಗ ಬಾಡಿಗಿ ಕೊಡ್ರಿ," ಎಂದರು.

ಹಾಗೆ ನಾವಿಬ್ಬರೂ ಆ ಬೇಸಿಗೆ ಮನೆಮನೆ ತಿರುಗಿದೆವು. ಅಂಬಿಗರ ಓಣಿಯಲ್ಲಿ ಮೊದಲ ಮನೆಯ ಹೆಂಗಸು ಕಡ್ಡಿಗೆ ಸುತ್ತಿದ ನಾರಿನ ಕಾಲನ್ನು ಚಾಚಿ ಕೂತಿದ್ದಳು. ಕೂತಲ್ಲಿಂದಲೇ ಮಗಳಿಗೆ ಕೂಗಿ ಚರಿಗೆಯಲ್ಲಿ ನೀರು ತರಿಸಿದಳು. ನಾನು ಆಚಾರ್ಯರ ಮನೆಯವನು, ಕುಡಿಯುವುದಿಲ್ಲವೆಂದು ಅವಳಿಗೆ ಗೊತ್ತು. ನನ್ನ ಕಡೆ ಚಾಚಲೂ ಇಲ್ಲ. ಡಾಕ್ಟರ್ ಸಾಹೇಬರು ಎರಡೂ ಕೈಯಲ್ಲಿ ತೆಗೆದುಕೊಂಡು ತಲೆ ಹಿಂದೆ ಬಾಗಿಸಿ ಕುಡಿದರು. ಹೊರಗೆ ಬಂದ ಮೇಲೆ ನಾನು ಹಿಡಿದುಕೊಂಡೆ.

"ನೀರಾಗ ಹುಳ ಅದ ಅಂತ ನೀವೇ ಹೇಳ್ತೀರಿ. ಜೇಬಿನ್ಯಾಗ ದಸ್ತಿ ಅದ. ಸೋಸಿ ಕುಡೀಬಾರ್ದೇನ್ರಿ?"

"ಆಕಿ ಮುಂದ ಸೋಸಿದ್ರ, ನಿನ್ನ ನೀರು ಹೊಲಸು ಅಂದಂಗ ಆಗ್ತದ. ಆಮ್ಯಾಲ ಆಕಿ ನನಗ ಖರೆ ಹೇಳ್ತಾಳೇನು?"

ನಿಜ, ಅವಳು ಹೇಳಿದಳು. ಎಲ್ಲ ಮನೆಯವರೂ ಹೇಳಿದರು. ಮಳೆಗಾಲ, ಚಳಿಗಾಲ ನದಿ. ನದಿ ಇಂಗಿದ ಮೇಲೆ ಬಾವಿ. ಆ ವರ್ಷ ನದಿ ತಡವಾಗಿ ಇಂಗಿ, ಬಾವಿಗೆ ಇಳಿಯತೊಡಗಿ ವಾರವಷ್ಟೇ ಆಗಿತ್ತು. ಸೋಸುವುದು? ಯಾಕೆ ಸೋಸಬೇಕು, ನೀರು ಕನ್ನಡಿಯ ಹಾಗಿದೆಯಲ್ಲ! ಡಾಕ್ಟರ್ ಸಾಹೇಬರು ಗಾಜಿನ ಲೋಟದಲ್ಲಿ ಆ ನೀರನ್ನು ತುಂಬಿ ಬಿಸಿಲಿಗೆ ಹಿಡಿದು ನನಗೆ ಭೂತಗನ್ನಡಿ ಕೊಟ್ಟರು. ಕನ್ನಡಿಯಂಥ ನೀರಿನಲ್ಲಿ ಎಳ್ಳಿನ ಪುಡಿಯಂಥ ಚುಕ್ಕೆಗಳು ಟಣ್ ಟಣ್ ಎಂದು ನೆಗೆಯುತ್ತಿದ್ದವು. ಅವುಗಳ ಹೊಟ್ಟೆಯಲ್ಲಿ ನಾರಿನ ಮರಿ ಎರಡು ವಾರ ಕೂತು, ಬಲಿತ ಮೇಲೆ ನಮ್ಮೊಳಗೆ ಬರುತ್ತದೆ ಎಂದರು. ಆ ದಿನ ನಾನು ಮನೆಯಲ್ಲೂ ನೀರು ಮುಟ್ಟಲಿಲ್ಲ.

ಆದರೆ ಲೆಕ್ಕ ನಮ್ಮ ಓಣಿಯಲ್ಲಿ ಸಿಕ್ಕಿಕೊಂಡಿತು. ಇಲ್ಲಿ ನಾರಿಲ್ಲ, ಇವರು ಕುಡಿಯುವುದು ನದಿ. ಅಲ್ಲಿ ನಾರಿದೆ, ಅವರು ಕುಡಿಯುವುದು ಬಾವಿ. ಎರಡೂ ಕಡೆ ಕೇಳಿಯಾಯಿತು, ಡಾಕ್ಟರ್ ಸಾಹೇಬರ ಕ್ರಮದಲ್ಲೇ ಬಾವಿ ತಪ್ಪಿತಸ್ಥ. ಮುಚ್ಚಿ ಎಂದು ಬರೆದರೆ ಮುಗಿಯಿತು. ಅವರು ಮುಖ ಸಣ್ಣದು ಮಾಡಿಕೊಂಡು ನಮ್ಮ ಜಗಲಿಯಲ್ಲಿ ಕೂತರು.

ಒಳಗೆ ಬಾಗಿಲ ಮರೆಯಲ್ಲಿ ನನ್ನ ಅಜ್ಜಿ ಬತ್ತಿ ಹೊಸೆಯುತ್ತಿದ್ದಳು. ಅವರು ಕೂತಲ್ಲಿಂದಲೇ ಕೇಳಿದರು, "ತಾಯಿ, ಚೈತ್ರದಾಗ ನದ್ಯಾಗ ಮಳಲು ಬಿಟ್ಟು ಏನೂ ಇರೂದಿಲ್ಲ. ನದೀ ನೀರು ಎಲ್ಲಿಂದ ತರ್ತೀರಿ?"

"ಬಾವ್ಯಾಗಿಂದ," ಎಂದಳು ಅಜ್ಜಿ, ಇದೆಂಥ ಪ್ರಶ್ನೆ ಎನ್ನುವ ಧಾಟಿಯಲ್ಲಿ. "ಬ್ಯಾಸಗ್ಯಾಗ ನದಿ ಬಾವ್ಯಾಗ ಬಂದು ಇರ್ತದಲ್ಲಪ್ಪಾ. ಹೊರಗ ಬಿಸಲು ಭಾಳ."

ಡಾಕ್ಟರ್ ಸಾಹೇಬರು ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಅಜ್ಜಿ ಸುಳ್ಳು ಹೇಳಿರಲಿಲ್ಲ, ಕಟ್ಟೆಯ ಹಿರಿಯರೂ ಹೇಳಿರಲಿಲ್ಲ. ಕಾಗಿಣೆ ಬೇಸಿಗೆಯಲ್ಲಿ ಭೂಮಿಯೊಳಗೆ ಸರಿದು ಆ ಬಾವಿಯಲ್ಲಿ ವಾಸ ಮಾಡುತ್ತಾಳೆ, ಆದ್ದರಿಂದ ಅದು ಬಾವಿಯ ನೀರಲ್ಲ, ನದಿಯ ನೀರು. ಹುಟ್ಟಿದಾಗಿನಿಂದ ಕೇಳಿದ ಮಾತು, ನನಗೇ ಹೊಳೆದಿರಲಿಲ್ಲ. ನಸುಕಿಗೇ ನಮ್ಮ ಓಣಿಯ ಹೆಂಗಸರು ಮಡಿಯಲ್ಲಿ ಹೋಗಿ ಅದೇ ಮೆಟ್ಟಿಲಿಳಿದು, ಅದೇ ನೀರು ತುಂಬಿ ತರುತ್ತಿದ್ದರು. ಬಿಸಿಲೇರಿದ ಮೇಲೆ ಅಂಬಿಗರ ಹೆಂಗಸರು.

"ತಂದ ಮ್ಯಾಲ ಏನ್ ಮಾಡ್ತೀರಿ?"

"ಏನ್ ಮಾಡೂದು? ಮಡಿ ಬಟ್ಟೀಲೆ ಸೋಸಿ ಹಂಡ್ಯಾಗ ತುಂಬತೀವಿ. ಸೋಸದ ನೀರು ದೇವರಿಗೆ ನಡೀತದೇನು?"

ಆಮೇಲೆ ನಾನು ಮನೆಮನೆಯ ಅಡುಗೆಮನೆಯಲ್ಲಿ ಅದೇ ಎರಡು ಪ್ರಶ್ನೆ ಕೇಳಿ ಬಂದೆ. ಎಲ್ಲ ಕಡೆ ಅದೇ ಉತ್ತರ. ಡಾಕ್ಟರ್ ಸಾಹೇಬರು ಹುಡುಗನ ಹಾಗೆ ಸೈಕಲ್ ಗಂಟೆ ಬಾರಿಸಿದರು. ನನಗೆ ಮಾತ್ರ ಒಳಗೊಳಗೇ ಉರಿಯಿತು. ವರ್ಷಗಟ್ಟಲೆ ಮಡಿಯ ವಿರುದ್ಧ ವಾದ ಮಾಡಿದವನು ನಾನು. ಈಗ ಮಡಿಯೇ ಕಾಪಾಡಿತೆಂದು ಕಟ್ಟೆಯವರು ಎದೆ ತಟ್ಟಿಕೊಳ್ಳುತ್ತಾರಲ್ಲ!

"ಮಡಿ ಅಲ್ರಿ, ಬಟ್ಟಿ," ಎಂದರು ಅವರು. "ಹುಳಕ್ಕ ಮಡಿ-ಮೈಲಿಗಿ ತಿಳೀತದೇನು? ನೂಲು ಅಡ್ಡ ಬಂದ್ರ ನಿಲ್ತದ, ಅಷ್ಟ."

ಆದರೂ ನನ್ನೊಳಗಿನ ಅನುಮಾನ ಸುಮ್ಮನಿರಲಿಲ್ಲ. ಅವತ್ತು ಬಾವಿಯ ಮೇಲಿನ ಮೆಟ್ಟಿಲಲ್ಲಿ ಕೂತು ನಾವು ಆಡಿದ ಜಗಳ ಇಂದಿಗೂ ಅಕ್ಷರ ಅಕ್ಷರ ನೆನಪಿದೆ. ನಾನೆಂದೆ, ಇದೆಲ್ಲ ಜನ ನೆನಪಿಟ್ಟುಕೊಂಡು ಹೇಳಿದ ಮಾತು. ನದಿ ಯಾವುದು ಬಾವಿ ಯಾವುದು ಎಂಬುದೇ ಗೊತ್ತಿಲ್ಲದವರ ಮಾತು. ಮೇಲಿನ ಓಣಿಗೂ ಕೆಳಗಿನ ಓಣಿಗೂ ಊಟ ಬೇರೆ, ಕೆಲಸ ಬೇರೆ; ಬಟ್ಟೆಯೇ ಕಾರಣವೆಂದು ಹೇಗೆ ಹೇಳುತ್ತೀರಿ? ಹಿಂದಕ್ಕೆ ನೋಡುವುದನ್ನು ಬಿಡಿ, ಮುಂದಕ್ಕೆ ನೋಡಿ. ಅಂಬಿಗರ ಓಣಿಯಲ್ಲೇ ಅರ್ಧ ಮನೆಗಳಿಗೆ ಬಟ್ಟೆ ಕೊಡಿ, ಅರ್ಧ ಮನೆಗಳಿಗೆ ಕೊಡಬೇಡಿ. ಬರುವ ಬೇಸಿಗೆಯಲ್ಲಿ ಬಂದು ನೋಡಿ. ಆಗ ತಹಸೀಲ್ದಾರರಲ್ಲ, ಬ್ರಹ್ಮ ಬಂದರೂ ಅಲ್ಲವೆನ್ನಲಾರ.

ಅವರು ಒಂದು ಹರಳು ಹೆಕ್ಕಿ ಕೆಳಗಿನ ನೀರಿಗೆ ಎಸೆದರು.

"ನೀವು ಹೇಳೂದು ಬರೋಬ್ಬರಿ ಅದ," ಎಂದರು. "ಅದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ. ಆದ್ರ ಯಾವ ಮನಿ ಬಿಡೂದು? ನೀವು ಆರಿಸ್ತೀರೇನು?"

"ಚೀಟಿ ಎತ್ತೂಣ್ರಿ."

"ಚೀಟಿ ಎತ್ತಿದ ಮ್ಯಾಲ? ಆ ಮನಿಯಾಕಿ ನೀರು ಕೊಡ್ತಾಳ, ನಾ ಕುಡೀತೀನಿ, ನಿನಗ ಬಟ್ಟಿ ಇಲ್ಲವ್ವಾ ಅಂತ ಹೇಳಿ ಹೊರಗ ಬರೂದು?"

"ಹಂಗಾದ್ರ ನಿಮ್ಮ ಸಾಕ್ಷಿ ಕುಂಟ್ತದ."

"ಕುಂಟ್ಲಿ," ಎಂದರು.

ನನ್ನ ವಾದ ತಪ್ಪಾಗಿತ್ತೆಂದು ನಾನು ಇಂದಿಗೂ ಒಪ್ಪುವುದಿಲ್ಲ. ಬಿಟ್ಟ ಮನೆ ಇಲ್ಲದೆ ಕೊಟ್ಟ ಮನೆಯ ಗುಣ ತಿಳಿಯುವುದಿಲ್ಲ. ಆ ವರ್ಷ ಮಳೆ ಹೆಚ್ಚಾಗಿ ಹುಳ ತಾನೇ ಕಡಿಮೆಯಾಗಿರಬಹುದು, ಅಲ್ಲವೇ? ಇದನ್ನೆಲ್ಲ ಅವರಿಗೂ ಹೇಳಿದೆ. ಅವರು ತಲೆಯಾಡಿಸಿ ಕೇಳಿದರು. ಆಮೇಲೆ ಶಹಾಬಾದ್ ಬಜಾರಕ್ಕೆ ಹೋಗಿ ಒಂದು ಥಾನು ಮಲ್ಮಲ್ ತಂದು, ಹರಿದು, ಒಂದು ಮನೆಯನ್ನೂ ಬಿಡದೆ ಹಂಚಿದರು. ಅಷ್ಟರಲ್ಲಿ ನನ್ನ ರಜೆ ಮುಗಿದಿತ್ತು, ಹಂಚುವಾಗ ನಾನಿರಲಿಲ್ಲ. ತಹಸೀಲ್ದಾರರ ಹತ್ತಿರ ಒಂದು ವರ್ಷದ ಮುದ್ದತ್ತು ಬೇಡಿಕೊಂಡರಂತೆ. ಮುಂದಿನ ಬೇಸಿಗೆಯಲ್ಲೂ ನಾರು ಕಂಡರೆ ಬಾವಿಗೆ ಮಣ್ಣು, ಡಾಕ್ಟರಿಗೆ ಚಿಂಚೋಳಿ ಕಾಡಿಗೆ ವರ್ಗ ಎಂದು ತಹಸೀಲ್ದಾರರು ನಗುತ್ತಲೇ ಹೇಳಿದರಂತೆ. ನಗುತ್ತಾ ಹೇಳಿದ ಮಾತೇ ಅವರಲ್ಲಿ ಗಟ್ಟಿ.

ಮುಂದಿನ ಬೇಸಿಗೆಗೆ ನಾನು ಊರಿಗೆ ಬಂದಾಗ ಅಂಬಿಗರ ಓಣಿಯಲ್ಲಿ ಕಾಲು ಚಾಚಿ ಕೂತವರು ಒಂದೇ ಮನೆಯವರು. ಆ ಮನೆಯಲ್ಲಿ ಬಟ್ಟೆಯಿಂದ ಕೂಸಿಗೆ ಕುಲಾವಿ ಹೊಲಿದಿದ್ದರು.

ತಹಸೀಲ್ದಾರರು ಬಂದ ದಿನ ಬಾವಿಯ ಪಕ್ಕದ ಬೇವಿನ ನೆರಳಿನಲ್ಲಿ ಕುರ್ಚಿ ಹಾಕಿದ್ದರು. ಎರಡೂ ಓಣಿಯವರು ನೆರೆದಿದ್ದರು. ಡಾಕ್ಟರ್ ಸಾಹೇಬರು ಸೇಡಂನಿಂದ ಟಾಂಗಾದಲ್ಲಿ ಬಂದರು. ಸೈಕಲ್ ಎಲ್ಲಿ ಎಂದು ಕೇಳಿದೆ, ಪಂಕ್ಚರ್ ಎಂದರು. ಶೇರವಾನಿ ಹಾಕಿದ್ದರು, ಸರಿ. ಆದರೆ ಕಾಲಿಗೆ ಚಪ್ಪಲಿಯಲ್ಲ, ಮೀನಖಂಡದವರೆಗೆ ಲಾಡಿ ಬಿಗಿದ ಬೂಟು. ಆ ಬಿಸಿಲಿನಲ್ಲಿ! ಪ್ರತಿ ಸಲ ಬಂದೊಡನೆ ಮೆಟ್ಟಿಲಿಳಿದು ನೀರು ನೋಡುತ್ತಿದ್ದವರು ಅವತ್ತು ಇಳಿಯಲಿಲ್ಲ. ಕುರ್ಚಿ ಕೊಟ್ಟರೂ ಕೂರಲಿಲ್ಲ.

ನಮ್ಮ ಕಟ್ಟೆಯ ಹಿರಿಯರನ್ನು ಕೇಳಿದಾಗ ಅವರು ಮತ್ತೆ, "ನಾವು ನದೀ ನೀರಿನವ್ರು" ಎಂದರು. ತಹಸೀಲ್ದಾರರು ಡಾಕ್ಟರರ ಕಡೆ ತಿರುಗಿ ಹುಬ್ಬು ಹಾರಿಸಿದರು. ನೀವು ಹೇಳುವುದೇನು, ಇವರು ಹೇಳುವುದೇನು? ನಾನು ಬಾಯಿ ತೆರೆಯುವಷ್ಟರಲ್ಲಿ ಹೆಂಗಸರ ಗುಂಪಿನಿಂದ ಅಜ್ಜಿಯ ದನಿ ಬಂತು.

"ಯಾಕ್ರಿ ಮುಚ್ಚಿಡ್ತೀರಿ? ನಿನ್ನೆ ನಿಮ್ಮ ಸೊಸಿ ನನ್ನ ಹಿಂದೇ ಪಾವಟಿಗಿ ಇಳಿದಾಳ. ನದಿ ಈಗ ಬಾವ್ಯಾಗ ಅದ ಅಂತ ಹೇಳ್ರಲ್ಲ ಸಾಹೇಬ್ರಿಗೆ. ಬಾವಿ ಮುಚ್ಚಿದ್ರ ನದಿನೇ ಮುಚ್ಚಿದಂಗ."

ಅದನ್ನು ಉರ್ದುವಿಗೆ ತಂದು ಹೇಳಿದ್ದು ನಾನು. ಗೆದ್ದ ಯಾವ ಚರ್ಚೆಯಲ್ಲೂ ನನಗೆ ಅಂಥ ಮಾತು ಸಿಕ್ಕಿರಲಿಲ್ಲ. ತಹಸೀಲ್ದಾರರು ಹೊಟ್ಟೆ ಹಿಡಿದು ನಕ್ಕರು. ನಗು ನಿಂತ ಮೇಲೆ ಒಂದೇ ಪ್ರಶ್ನೆ ಕೇಳಿದರು: ಈ ವರ್ಷ ಈ ನೀರಿನಿಂದ ನಾರು ಬಂದವರು ಯಾರ್ಯಾರು? ಕುಲಾವಿಯ ಮನೆಯವರನ್ನು ತೋರಿಸಿದರು. "ಇವರನ್ನು ಬಿಟ್ಟು?"

ಡಾಕ್ಟರ್ ಸಾಹೇಬರು ನೆಟ್ಟಗೆ ನಿಂತು, "ಈ ಊರಿನವರು ಯಾರೂ ಇಲ್ಲ ಹುಜೂರ್" ಎಂದರು.

ಮಣ್ಣು ಹಾಕುವ ಹುಕುಂ ಹಿಂದಕ್ಕೆ ಹೋಯಿತು. ಮೆಟ್ಟಿಲುಗಳನ್ನು ಶಹಾಬಾದ್ ಫರಸಿಕಲ್ಲಿನಿಂದ ಮುಚ್ಚಿ, ಯಾರೂ ಕಾಲಿಡದ ಹಾಗೆ ಮೇಲೆ ಗಡಗಡೆ ಹಾಕಿ ಹಗ್ಗದಲ್ಲಿ ಸೇದಬೇಕೆಂದು ತೀರ್ಮಾನವಾಯಿತು. ಅಂಬಿಗರ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ಅತ್ತರು. ಡಾಕ್ಟರ್ ಸಾಹೇಬರು ಎಲ್ಲರಿಗೂ ಸಲಾಂ ಮಾಡಿ ಟಾಂಗಾದ ಕಡೆ ನಡೆದರು. ನೆಟ್ಟಗೇ ನಡೆದರು, ಎಡಗಾಲನ್ನು ಮಾತ್ರ ನೆಲವನ್ನು ಕೇಳಿಕೊಂಡು ಇಟ್ಟ ಹಾಗೆ...

ಅಜ್ಜಿ ನನ್ನ ಪಕ್ಕಕ್ಕೆ ಬಂದು ನಿಂತಳು. "ಆ ಡಾಕ್ಟರಗ ನಾರು ಬಂದದ," ಎಂದಳು. "ನಡಿಗಿ ನೋಡು."

ಓಡಿದೆ. ಟಾಂಗಾ ಹೊರಟಿತ್ತು. ಪಕ್ಕದಲ್ಲಿ ಓಡುತ್ತಲೇ ಕೇಳಿದೆ, ಬೂಟಿನೊಳಗೆ ಏನಿದೆ ಎಂದು. ಅವರು ಮುಖದ ಬೆವರೊರೆಸಿಕೊಂಡು ನಕ್ಕರು.

"ಒಬ್ಬ ಡಾಕ್ಟರ್‌ನ ಕಾಲು ನೋಡಿದ್ರ ಸಾಕಿತ್ತು, ವಕೀಲಸಾಬ್. ಬಾವಿಗೆ ಮಣ್ಣು. ಯಾರೂ ಬಟ್ಟಿ ಗಿಟ್ಟಿ ಕೇಳ್ತಿದ್ದಿಲ್ಲ."

"ನಿಮ್ಮ ಕಾಲು ಬಟ್ಟಿ ಪರವಾಗೇ ಸಾಕ್ಷಿ ಹೇಳ್ತದಲ್ರಿ! ಸೋಸದೆ ಕುಡಿದವ್ರು ನೀವು..."

"ನಾ ಲೆಕ್ಕದಾಗ ಬರೂದಿಲ್ಲ. ಕೇಳಾಂವ ಲೆಕ್ಕದಾಗ ಬರಬಾರ್ದು," ಎಂದರು. ಟಾಂಗಾ ಜೋರಾಯಿತು, ನಾನು ನಿಂತೆ. ಅದೇ ಕೊನೆ.

ಕಡ್ಡಿ ಬಿಚ್ಚಿ, ಪಟ್ಟಿ ಸುತ್ತಿ, ಮೇಲೆ ಬೂಟು ಬಿಗಿದಿದ್ದರಂತೆ. ನಿಂತಲ್ಲೇ ನಾರು ಹರಿದಿತ್ತು. ಸೇಡಂ ತಲುಪುವಷ್ಟರಲ್ಲಿ ಕಾಲು ಮೊಣಕಾಲಿನವರೆಗೆ ಬಾತಿತ್ತು, ಬೂಟನ್ನು ಕತ್ತರಿಸಿ ತೆಗೆಯಬೇಕಾಯಿತಂತೆ. ರೈಲಿನಲ್ಲಿ ಹೈದರಾಬಾದಿಗೆ ಒಯ್ದರು. ತಿಂಗಳು ತುಂಬುವ ಮೊದಲೇ ಅವರು ತೀರಿಕೊಂಡರೆಂದು ದವಾಖಾನೆಯ ಕಂಪೌಂಡರ್ ಬಂದು ಹೇಳಿದ. ಅಂಬಿಗರ ಓಣಿಯಲ್ಲಿ ಅವತ್ತು ಒಲೆ ಹಚ್ಚಲಿಲ್ಲ. ನಮ್ಮ ಓಣಿಯಲ್ಲಿ ಹಚ್ಚಿದರು. ನನ್ನ ಅಜ್ಜಿ ಮಾತ್ರ ಒಂದು ಹೊತ್ತು ಉಪವಾಸವಿದ್ದಳು.

ನಾನೀಗ ಚಿತ್ತಾಪುರದಲ್ಲಿ ನಿಜವಾಗಿಯೂ ವಕೀಲ. ಕಟಕಟೆಯಲ್ಲಿ ನಿಂತವರನ್ನಷ್ಟೇ ಅಲ್ಲ, ನಿಲ್ಲದವರನ್ನೂ ಕೇಳಬೇಕೆಂದು ಕಿವಿಯಲ್ಲಿ ಯಾರೋ ಹೇಳುತ್ತಲೇ ಇರುತ್ತಾರೆ. ಒಂದು ಊರಿನಲ್ಲಿ ಬೇನೆ ಬಿತ್ತೆಂದು ಕೇಳಿದರೆ ನನ್ನ ಮನಸ್ಸು ಬೀಳದ ಮನೆಗಳ ಬಾಗಿಲಿಗೆ ಹೋಗಿ ನಿಲ್ಲುತ್ತದೆ. ಈ ಮಾತು ಎಷ್ಟು ಪ್ರಯೋಜನಕ್ಕೆ ಬಂದಿದೆಯೋ ಅಷ್ಟೇ ನಿದ್ದೆಗೆಡಿಸಿದೆ.

ಕಳೆದ ವಾರ ಸೋಸಿ ಕೊಟ್ಟ ಆ ಮುದುಕಿ, ಅಂದು ನಾರಿನ ಕಾಲು ಚಾಚಿ ಕೂತಿದ್ದ ಮೊದಲ ಮನೆಯವಳೇ. ನಾನು ಅವಳ ಕೈಯ ನೀರು ಕುಡಿಯುವುದನ್ನು ನೋಡಿ ಮೊದಲು ಬೆರಗಾದಳು, ಆಮೇಲೆ ಸಂತೋಷಪಟ್ಟಳು. ಬಟ್ಟೆ ಹಿಂಡುತ್ತಾ ತಾನಾಗಿಯೇ ಹೇಳಿದಳು:

"ಬಟ್ಟಿ ಹಂಚಲಿಕ್ಕ ಆ ಸಾಹೇಬ್ರು ಒಬ್ರೇ ಬಂದಿದ್ರು ನೋಡ್ರಿ. ಬಟ್ಟಿ ಕೈಯಾಗೇ ಇತ್ತು. ಇಸಗೊಂಡು ಸೋಸಿ ಕೊಡ್ತೀನ್ರಿ ಅಂದೆ. ಬ್ಯಾಡವ್ವಾ, ಮೊದಲ ಹಂಗೇ ಕೊಡು ಅಂದ್ರು. ಕುಡುದ್ರು. ಆಮ್ಯಾಲ ಇನ್ನೊಂದ್ ಚರಿಗಿ ಹಾಕು ಅಂದ್ರು. ಅದನ್ನೂ ಕುಡುದು, ಆಮ್ಯಾಲ ಬಟ್ಟಿ ಕೊಟ್ರು."



ಒಂದು ಚರಿಗೆ ಮರ್ಯಾದೆಗೆ, ಒಪ್ಪುತ್ತೇನೆ. ಎರಡನೆಯದು? ಬಿಸಿಲಿತ್ತು, ಬಾಯಾರಿತ್ತು ಎನ್ನಬಹುದು. ಬಾಯಾರಿದವರು ಸೋಸಿದ ನೀರನ್ನು ಯಾಕೆ ಬೇಡವೆನ್ನಬೇಕು? ಚೀಟಿ ಎತ್ತಿ ಬಿಡಬೇಕಾಗಿದ್ದ ಆ ಮನೆ, ಬಟ್ಟೆ ಸಿಗದ ಆ ಒಂದು ಮನೆ, ತಾವೇ ಆಗಬೇಕೆಂದುಕೊಂಡರೇ? ಹಾಗಾದರೆ ಆ ಕಾಲನ್ನು ಬೂಟಿನಲ್ಲಿ ಯಾಕೆ ಮುಚ್ಚಿಟ್ಟರು, ಲೆಕ್ಕದಲ್ಲಿ ಬರುವುದಿಲ್ಲವೆಂದು ಯಾಕೆ ಹೇಳಿದರು? ಎರಡೂ ಪಕ್ಷದವನಾಗಿ ನಿಂತು ವಾದಿಸಿ ನೋಡಿದೆ. ಗೆಲ್ಲುವವರು ಯಾರೂ ಇಲ್ಲ. ಕೇಳೋಣವೆಂದರೆ ಕೇಳಬೇಕಾದವರೇ ಇಲ್ಲ...

"ಇನ್ನೊಂದ್ ಹಾಕ್ಲೇನ್ರಿ, ಆಚಾರ್ರ?" ಎಂದಳು ಮುದುಕಿ.

ಚರಿಗೆ ಚಾಚಿದೆ. ಅವಳು ಬಟ್ಟೆ ಹಿಡಿದು ನಿಧಾನವಾಗಿ ಸುರಿದಳು. ಕುಡಿದೆ.

ನನಗೆ ಬಾಯಾರಿರಲಿಲ್ಲ.